ಕಪಾಟಿನಡಿಯ ಅರ್ಧ ಮಾತ್ರೆ

ಕಡಲೆಬೇಳೆಯಷ್ಟೂ ಇಲ್ಲದ ಮಾತ್ರೆಯನ್ನು ಸಮನಾಗಿ ಎರಡು ಹೋಳು ಮಾಡುವುದೇನು ಬ್ರಹ್ಮವಿದ್ಯೆಯೇ ಎಂದು ಕೇಳುವವರು, ನಾವುಂದದ ನಮ್ಮ ಮನೆಗೆ ಬಂದು ಅಡಕತ್ತರಿ ಹಿಡಿದು ನೋಡಬೇಕಿತ್ತು. ಅಡಿಕೆಯ ಮುಂದೆ ಪರಮ ವಿಧೇಯವಾದ ಆ ಸಲಕರಣೆ ಮಾತ್ರೆಯನ್ನು ಕಂಡೊಡನೆ ಕೆರಳಿ, ಅರ್ಧವನ್ನು ಪುಡಿಮಾಡಿ, ಉಳಿದರ್ಧವನ್ನು ಕಪಾಟಿನಡಿಗೆ ಹಾರಿಸುತ್ತಿತ್ತು.

ಈ ಪ್ರಾರಬ್ಧ ನಾನೇ ತಂದುಕೊಂಡದ್ದು. ಮನಸ್ಸಿಗೆ ಮಂಕು ಕವಿದು, ಹಾಸಿಗೆ ಬಿಟ್ಟೇಳಲಾಗದೆ, ನಮ್ಮ ಬಟ್ಟೆ ಅಂಗಡಿ ತಿಂಗಳುಗಟ್ಟಲೆ ಮುಚ್ಚಿದ್ದಾಗ, ಕುಂದಾಪುರದ ವೈದ್ಯರ ಮಾತ್ರೆ ನನ್ನನ್ನು ಎಬ್ಬಿಸಿ ಕೂರಿಸಿತ್ತು. ಎದ್ದು ಕೂತವನಿಗೆ ಸೊಕ್ಕು ಬಂತು. ವೇಷ ಕಟ್ಟದೆ ಕುಳಿತಲ್ಲೇ ಬಾಯಿಮಾತಿನಿಂದ ಕಥೆ ಕಟ್ಟುವ ತಾಳಮದ್ದಲೆಯಲ್ಲಿ ಅರ್ಥ ಹೇಳುವ ಚಟ ನನಗೆ. ಮಾತ್ರೆಯಿಂದ ನಾಲಗೆ ಒಣಗಿ, ದೀರ್ಘಸಮಾಸಗಳೆಲ್ಲ ಗಂಟಲಲ್ಲೇ ಸಿಕ್ಕಿಕೊಳ್ಳುತ್ತವೆಂದು, ಗುಲ್ವಾಡಿಯ ಕೂಟಕ್ಕೆ ವಾರವಿರುವಾಗ ಯಾರಿಗೂ ಹೇಳದೆ ಒಮ್ಮೆಲೇ ಬಿಟ್ಟುಬಿಟ್ಟೆ.

ಆಮೇಲೆ ಶುರುವಾಯಿತು ನೋಡಿ! ಕತ್ತು ತಿರುಗಿಸಿದರೆ ತಲೆಯೊಳಗೆ ಹಾಳಾದ ಟ್ಯೂಬ್‌ಲೈಟಿನ ಚಿಟಚಿಟ, ಬಸ್ಸಿನಲ್ಲಿ ಹೊರಗೆ ನೋಡಿದರೆ ವಾಕರಿಕೆ, ಒಳಗೆ ನೋಡಿದರೆ ಸಿಟ್ಟು, ಟಿ.ವಿ.ಯ ಹಲ್ಲುಪುಡಿ ಜಾಹೀರಾತಿಗೂ ಕಣ್ಣೀರು.

ಕೂಟದಲ್ಲಿ ನನಗೆ ಬಂದದ್ದು ಸ್ವಯಂವರಕ್ಕೆ ಕರೆಯುವ ದೂತನ ಅರ್ಥ. ‘ಮಹಾರಾಜಾ, ಶುಭವಾರ್ತೆ’ ಎಂದದ್ದೇ ತಡ, ಬಿಕ್ಕಿ ಬಿಕ್ಕಿ ಅತ್ತೆ. ಭಾಗವತರು ಗಾಬರಿಯಲ್ಲಿ ಶೋಕದ ರಾಗ ಎತ್ತಿದರು. ರಾಜನ ಅರ್ಥದವರು ಬಿಡುತ್ತಾರೆಯೇ? ‘ಎಲೈ ದೂತನೇ, ಮದುವೆಯೆಂಬ ಶಬ್ದಕ್ಕೇ ಇಷ್ಟು ರೋದಿಸುವೆಯಲ್ಲ, ನೀನು ವಿವಾಹಿತನೋ?’ ಸಭೆ ಬಿದ್ದು ಬಿದ್ದು ನಕ್ಕಿತು. ಮುಗಿದ ಮೇಲೆ ಅಭಿಮಾನಿಯೊಬ್ಬರು ಕೈಹಿಡಿದು, ‘ಹ್ವಾಯ್, ಎಂತಾ ಭಾವ ಮಾರಾಯ್ರೆ! ದೂತ ಅಂದ್ರೆ ಹೀಂಗಿರ್ಕ್’ ಎಂದರು. ನನ್ನ ನರಗಳ ದಂಗೆಗೆ ನವರಸದ ಪದವಿ!

ನಗದೆ ಕುಳಿತಿದ್ದವಳು ನನ್ನ ಹೆಂಡತಿಯೊಬ್ಬಳೇ. ಬಸ್ಸಿಗೆ ಕಾಯುವಾಗ ಮೆಲ್ಲಗೆ ಕೇಳಿದಳು: ‘ಮಾತ್ರಿ ಬಿಟ್ರಿ ಅಲ್ದಾ? ನೀವ್ ಮತ್ತೆ ಹಾಸ್ಗಿ ಹಿಡ್ದದ್ ಕಾಂಬುಕೆ ನನ್ ಹತ್ರ ಆತಿಲ್ಲ. ನಾಳೆ ಡಾಕ್ಟ್ರ ಹತ್ರ ಹೋಪ.’ ನನಗೂ ಭಯ ಅದೇ ಆಗಿತ್ತು.

ವೈದ್ಯರು ಚೆನ್ನಾಗಿ ಬೈದು, ಮತ್ತೆ ಪೂರ್ತಿ ಮಾತ್ರೆ ಕೊಟ್ಟು, ಮನಸ್ಸು ನೆಟ್ಟಗಾದ ಮೇಲೆ ಅರ್ಧ, ಕಾಲು ಎಂದು ನಿಧಾನವಾಗಿ ಇಳಿಸಿದರು; ಅಡಕತ್ತರಿ ಹೊರಬಂದದ್ದು ಆಗಲೇ. ಗುಡ್ಡ ಹತ್ತಿದವರಿಗೆಲ್ಲ ಗೊತ್ತು, ಮೊಣಕಾಲು ನೋಯುವುದು ಇಳಿಯುವಾಗ. ಪ್ರತಿ ಇಳಿಕೆಗೂ ಅದೇ ಚಿಟಚಿಟ, ಅದೇ ಸಿಟ್ಟು; ಸಾಕುಬೇಕಾಯಿತು.

ಮಾತ್ರೆ ಪೂರ್ತಿ ನಿಂತ ಮೇಲೆ ಇನ್ನೊಂದು ಕೂಟದಲ್ಲಿ ನನ್ನ ಅದೇ ದೂತ ನಗುನಗುತ್ತ ಶುಭವಾರ್ತೆ ಹೇಳಿದ. ‘ಈ ಸರ್ತಿ ಸಪ್ಪೆ ಆಯ್ತ್’ ಎಂದು ಅದೇ ಅಭಿಮಾನಿ ಮುಖ ಸಿಂಡರಿಸಿದರು. ಗುಣವಾದದ್ದಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಮರುದಿನ ಇವಳು ಕಪಾಟಿನಡಿ ಗುಡಿಸುವಾಗ, ಧೂಳು ಮೆತ್ತಿದ ಮಾತ್ರೆಯ ಹೋಳುಗಳು ಹೊರಬಂದವು. ‘ಇದ್ ಇಡ್ಕಾ, ಬಿಸಾಡ್ಕಾ?’ ಎಂದಳು. ಅರ್ಥಧಾರಿಯಾದ ನಾನು ಕಸದ ಮೊರವನ್ನು ಮುಂದೆ ಹಿಡಿದೆ. ಅವನ್ನು ಕಸದ ಜತೆ ಹೊರಗೆ ಹಾಕಿ ಕೈತೊಳೆದು ಬಂದವಳು, ಅದೇ ಅಡಕತ್ತರಿಯಿಂದ ಒಂದು ಅಡಿಕೆ ಸೀಳಿ, ಅರ್ಧ ನನ್ನ ಕೈಗಿಟ್ಟು, ಅರ್ಧ ತನ್ನ ಬಾಯಿಗೆ ಹಾಕಿಕೊಂಡಳು.