ಹೆಬ್ಬೆರಳಿನ ಕರಾರು

ಕಣ್ಣು ಅರ್ಧ ಬಿಟ್ಟೇ ಇರುತ್ತದೆ, ಮೈ ಮಾತ್ರ ಏಳುವುದಿಲ್ಲ ಮಾರಾಯ್ರೆ. ಎದೆಯ ಮೇಲೆ ಯಾರೋ ಕೂತ ಹಾಗೆ. ಕೂಗೋಣವೆಂದರೆ ಸ್ವರ ಹೊರಡುವುದಿಲ್ಲ. ಇಲ್ಲಿ ಗಲ್ಫಿನ ಮುಸಫ್ಫಾದಲ್ಲಿ ನೈಟ್ ಶಿಫ್ಟ್ ಶುರುವಾದ ಮೇಲೆ ವಾರಕ್ಕೆ ಮೂರು ಸಲವಾದರೂ ನನಗೆ ಹೀಗಾಗುತ್ತದೆ. ಡಾಕ್ಟರು "ಹೊತ್ತಿಗೆ ಸರಿಯಾಗಿ ಮಲಗಿ" ಎಂದರು. ಅದನ್ನು ಅವರು ನಮ್ಮ ಫೋರ್‌ಮನ್‌ಗೆ ಹೇಳಬೇಕಿತ್ತು.

ಹಾಗಾದಾಗ ನನ್ನ ಬಲಗಾಲಿನ ಹೆಬ್ಬೆರಳೊಂದೇ ಅಲ್ಲಾಡುತ್ತಿತ್ತು. ನನ್ನದು ಮೇಲಿನ ಮಂಚ. ಕೆಳಗಿನ ಮಂಚದಲ್ಲಿ ಇಮ್ರಾನ್, ಪೇಶಾವರದ ವೆಲ್ಡರ್, ನನ್ನದೇ ಶಿಫ್ಟಿನವ, ನಿದ್ದೆ ಕಡಿಮೆ. ನಾವಿಬ್ಬರೂ ಒಂದು ಕರಾರು ಮಾಡಿಕೊಂಡೆವು. ಮಂಚದಾಚೆ ಚಾಚಿಟ್ಟ ಬೆರಳು ಅಲ್ಲಾಡಿದರೆ ಅವನು ನನ್ನ ಕಾಲು ಹಿಡಿದು ಎಳೆಯಬೇಕು. ಅಲ್ಲಾಡದಿದ್ದರೆ ಮುಟ್ಟಬಾರದು. ನೈಟ್ ಶಿಫ್ಟಿನವನನ್ನು ಹಗಲಲ್ಲಿ ಎಬ್ಬಿಸುವುದು ನಮ್ಮ ಕ್ಯಾಂಪಿನಲ್ಲಿ ಮಹಾಪಾಪ.

ಕಳೆದ ತಿಂಗಳು ಇಮ್ರಾನನ ವೀಸಾ ಕ್ಯಾನ್ಸಲ್ ಆಯಿತು. ಹೊರಡುವ ಬೆಳಿಗ್ಗೆ ಅವನನ್ನು ಕಳಿಸಿಕೊಟ್ಟೇ ಮಲಗುವುದೆಂದು ಕೂತಿದ್ದೆ. ಒಂದು ನಿಮಿಷ ಬೆನ್ನು ಚಾಚಿದ್ದೇ ತಪ್ಪಾಯಿತು.

ಬ್ಯಾಗ್ ಹಿಡಿದು ಅವನು ನನ್ನ ಕಾಲಬುಡದಲ್ಲಿ ನಿಂತಿದ್ದು ಅರೆಗಣ್ಣಿಗೆ ಕಾಣುತ್ತಿತ್ತು. ಹೊರಗೆ ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಕೂಗಿ ಅವಸರ ಮಾಡುತ್ತಿದ್ದ. ಇಮ್ರಾನ್ ಕದಲದೆ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದ. ಇದ್ದ ಜೀವವನ್ನೆಲ್ಲ ಅಲ್ಲಿಗೆ ತಳ್ಳಿದೆ. ಅವತ್ತು ಅದೂ ಅಲ್ಲಾಡಲಿಲ್ಲ.

"ಸೋ ಜಾ ಭಾಯಿ, ಸೋ ಜಾ" ಮಲಗಿಕೋ ಎಂದು ಪಿಸುಗುಟ್ಟಿ, ಎಸಿಯ ಥಂಡಿ ತಾಗದ ಹಾಗೆ ಬೆರಳಿನ ಮೇಲೆ ಕಂಬಳಿ ಎಳೆದು ಹೊರಟುಹೋದ.

ಈಗ ಕೆಳಗಿನ ಮಂಚಕ್ಕೆ ಹೊಸಬ ಬಂದಿದ್ದಾನೆ. ಅವನಿಗೂ ಹೆಬ್ಬೆರಳಿನ ವಿಷಯ ಹೇಳಿದೆ. ಪಾಪ, ತುಂಬ ಒಳ್ಳೆಯವ, ಖಂಡಿತ ನೋಡುತ್ತೇನೆ ಎಂದ. ಅವನದು ಡೇ ಶಿಫ್ಟ್.