ಒಂದೇ ಪೆಟ್ಟಿಗೆ, ಆರು ಜೊತೆ ಕಿವಿ

ಅವರ ಬಲಗೈ ಹೆಬ್ಬೆರಳಿನ ತುದಿ ಬೆಸುಗೆಯ ಕಾವಿಗೆ ಸುಟ್ಟು ಸುಟ್ಟು ಹುಣಸೆ ಬೀಜದಂತೆ ನುಣ್ಣಗೆ ಕಪ್ಪಾಗಿತ್ತು. ಸಿಂಧನೂರಿನ ಬಸ್ ನಿಲ್ದಾಣದ ಹಿಂದೆ ಧ್ವನಿವರ್ಧಕ, ರೇಡಿಯೊ ದುರಸ್ತಿ ಮಾಡುತ್ತಿದ್ದ ಅವರನ್ನು ಊರೆಲ್ಲ ಮಿಸ್ತ್ರಿ ಎನ್ನುತ್ತಿತ್ತು. ಯಾವ ಹೆಡ್‌ಫೋನ್ ಬಂದರೂ ಮೊದಲು ಏನನ್ನೂ ನುಡಿಸದೆ, ಕಣ್ಣು ಮುಚ್ಚಿ ಅದರ ಮೌನವನ್ನೇ ಆಲಿಸುವುದು ಅವರ ಪದ್ಧತಿ.

ನೌಕರಿ ಪರೀಕ್ಷೆಗೆ ಓದುತ್ತಿದ್ದ, ದೃಷ್ಟಿಯಿಲ್ಲದ ಆರು ಅಭ್ಯರ್ಥಿಗಳಿಗಾಗಿ ನಾನು ಪಾಠ ಕೇಳುವ ಕೋಣೆಯೊಂದನ್ನು ತೆರೆದಿದ್ದೆ. ಮುಚ್ಚಿದ ಸ್ಟುಡಿಯೊವೊಂದರಿಂದ ದಾನವಾಗಿ ಬಂದ ನಾಲ್ಕು ದೊಡ್ಡ ಹೆಡ್‌ಫೋನುಗಳಲ್ಲಿ ಮೊಬೈಲಿನ ದನಿ ಪಿಸುಗುಟ್ಟುತ್ತಿತ್ತು. ಆದ್ದರಿಂದ ಆರೂ ಜನರಿಗೆ ದನಿ ಹೆಚ್ಚಿಸುವ ಒಂದೇ ಆಂಪ್ಲಿಫೈಯರ್ ಪೆಟ್ಟಿಗೆ ತಂದು, "ಎಲ್ಲರಿಗೂ ಸಮಾನ ದನಿ" ಎಂದು ಉದ್ಘಾಟನೆಯಲ್ಲಿ ಘೋಷಿಸಿದೆ. ಆ ಆರು ಜನರಲ್ಲಿ ಒಬ್ಬಳಾದ ಸಾಲಗುಂದದ ಹುಡುಗಿಗೆ ಸಿಕ್ಕದ್ದು ಹೊಸದಾಗಿ ಕೊಂಡ ಎರಡು ಸಣ್ಣ ಹೆಡ್‌ಫೋನುಗಳಲ್ಲಿ ಒಂದು. ಶಿಕ್ಷಕಿಯ ಹುದ್ದೆಯ ಪರೀಕ್ಷೆಗೆ ಮೂರು ವಾರ ಉಳಿದಿರುವಾಗ ಆಕೆ ಬರುವುದನ್ನೇ ನಿಲ್ಲಿಸಿದಳು. ಹೆಡ್‌ಫೋನ್ ಕೆಟ್ಟಿರಬಹುದೆಂದು ಊಹಿಸಿ, ಹಟಮಾಡಿ ಆಕೆಯನ್ನು ಮಿಸ್ತ್ರಿಯ ಅಂಗಡಿಗೆ ಕರೆದೊಯ್ದೆ, ಅದನ್ನೂ ಪೆಟ್ಟಿಗೆಯನ್ನೂ ಒಯ್ದೆ. ಸಮಾನತೆಯ ಕುರಿತು ಅಲ್ಲಿಯೂ ಸುದೀರ್ಘವಾಗಿ ವಾದಿಸಿದೆ.

"ಭಾಷಣ ಮುಗೀತೇನ್ರಿ ಸರ್?" ಎಂದ ಮಿಸ್ತ್ರಿ ಆಕೆಯತ್ತ ತಿರುಗಿದರು. "ತಂಗಿ, ನಿನಗ ಏನ್ ಕೇಳಸ್ತದವ್ವ?"

"ಪಾಠದ ಹಿಂದ ಒಲಿ ಮ್ಯಾಲೆ ಎಸರು ಕುದ್ದಂಗ ಸುಂಯ್ ಅಂತೈತ್ರಿ ಕಾಕಾ. ಅರ್ಧ ತಾಸಿಗೆ ತಲಿ ಸಿಡೀತೈತಿ. ಸರ್ ಬೇಜಾರಾಗ್ತಾರಂತ ಹೇಳ್ಲಿಲ್ಲ."

ನಾನು ಹೆಡ್‌ಫೋನನ್ನೂ ಪೆಟ್ಟಿಗೆಯನ್ನೂ ಮಿಸ್ತ್ರಿಯ ಮುಂದಿಟ್ಟೆ.

"ಆ ದೊಡ್ಡವಕ್ಕ ಜೋರು ಬೇಕ್ರಿ," ಎಂದರು ಮಿಸ್ತ್ರಿ. "ಈ ಸಣ್ಣದು ಭಾಳ ಸೂಕ್ಷ್ಮ. ಪೆಟ್ಟಿಗಿ ಉಸಿರಾಡಿದ್ರೂ ಹಿಡೀತದ. ನಡುವ ಒಂದು ಅಡ್ಡ ಹಾಕೂಣು."

ವಿದ್ಯುತ್ತನ್ನು ತಡೆಯುವ ಎರಡು ಪುಟ್ಟ ರೆಸಿಸ್ಟರುಗಳನ್ನು ಬೆಸೆದು, ಬೆರಳುದ್ದದ ಅಡಾಪ್ಟರ್ ಮಾಡಿ ಪೆಟ್ಟಿಗೆಗೂ ಹೆಡ್‌ಫೋನಿಗೂ ನಡುವೆ ಸಿಕ್ಕಿಸಿದರು. ಹುಡುಗಿಯ ಮುಖದ ಗಂಟು ಸಡಿಲಿತು. "ಎಸರು ಇಳೀತ್ರಿ!" ಎಂದು ನಕ್ಕಳು.

ತಡೆಗಳನ್ನು ಕಿತ್ತೊಗೆಯುವುದೇ ನ್ಯಾಯವೆಂದು ಕಾಲೇಜಿನ ವೇದಿಕೆಗಳಲ್ಲಿ ವಾದಿಸಿ ಬಹುಮಾನ ಪಡೆದವನು ನಾನು. ತಡೆಯೊಂದನ್ನು ಸೇರಿಸಿದ ಮೇಲೆ ಪಾಠ ತಿಳಿಯಾದದ್ದು ನನ್ನನ್ನು ಗೊಂದಲಕ್ಕೆ ತಳ್ಳಿತು. "ಹಾಗಾದರೆ ಸಣ್ಣ ಹೆಡ್‌ಫೋನುಗಳಿಗೆಲ್ಲ ಇದನ್ನೇ ಹಾಕೋಣವೆ?" ಎಂದೆ.

"ಅಯ್ಯ, ಮತ್ತ ಅಲ್ಲೇ ಬಂದ್ರಲ್ರಿ! ಕೆಲವಕ್ಕ ಇದು ಹಾಕಿದ್ರ ದನೀನ ಕೆಡ್ತದ."

"ನಿಯಮ ಏನು ಮತ್ತೆ?"

"ಹಾಕಿ ನೋಡೂದು, ಹಾಕ್ಕೊಂಡವ್ರನ್ನ ಕೇಳೂದು. ನನಗಷ್ಟ ಗೊತ್ತು."

ಹುಡುಗಿ ಈಗ ಬಳಗಾನೂರಿನಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ಮಿಸ್ತ್ರಿ ಕಳೆದ ಬೇಸಿಗೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಈ ವಾರ ಮಸ್ಕಿಯಲ್ಲಿ ಇಂಥದೇ ಇನ್ನೊಂದು ಕೋಣೆ ತೆರೆಯಬೇಕಿದೆ. ಬೇಕಾದ ಸಾಮಾನಿನ ಯಾದಿ ಬರೆಯಲು ಕುಳಿತವನು ಮೊದಲ ಸಾಲಿನಲ್ಲೇ ನಿಂತಿದ್ದೇನೆ. ಅಲ್ಲಿಗೆ ಬರುವವರನ್ನು ನಾನಿನ್ನೂ ಭೇಟಿಯಾಗಿಲ್ಲ.