ಬೀಗ ಬಿದ್ದ ಮನೆಯ ಸೋಮವಾರಗಳು

ನಮ್ಮ ಓಣಿಯ ಜಂಗಮ ಅಯ್ಯನವರ ಬಲಗೈಯ ಮೂರು ಬೆರಳು ಸದಾ ಬೆಳ್ಳಗೆ. ಉಗುರಿನ ಸಂದಿಯಲ್ಲಿ ವಿಭೂತಿ ಸುಣ್ಣದ ಹಾಗೆ ಗಟ್ಟಿಯಾಗಿ ಕೂತಿರುತ್ತಿತ್ತು. ಸೋಮವಾರ ಅವರು ಜೋಳಿಗೆ ಹಿಡಿದು ಭಿಕ್ಷಕ್ಕೆ ಬಂದರೆ ಮಂದಿ ಆ ಕೈಗೆ ನಮಸ್ಕಾರ ಮಾಡುತ್ತಿದ್ದರು. ನಾನು ಮಾತ್ರ ಆ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡುತ್ತಿದ್ದೆ. ಕೂಲಿಯಿಂದ ಮೇಲೆ ಬಂದವನು ನಾನು. ಪುಕ್ಕಟೆ ಉಪಕಾರ ಮಾಡುವವರ ಮೇಲೇ ನನಗೆ ಮೊದಲ ಸಂಶಯ.

ಉದಗೀರದಲ್ಲಿ ಮನೆ ಕಟ್ಟಿ, ಗಂಡಹೆಂಡತಿ ದುಡಿಯಲು ನಿಜಾಮರ ಸರಹದ್ದು ದಾಟಿ ಇಂಗ್ರೇಜರ ಮುಲುಕಿಗೆ, ಮುಂಬಯಿ ಬಂದರಿಗೆ ಹೋದೆವು. ಸುಗ್ಗಿಯಲ್ಲಿ ಕಾಳು ಖರೀದಿಗೆ ಬರುವ ವ್ಯಾಪಾರಿಗಳಿಗೆ ಮನೆ ಬಾಡಿಗೆಗೆ; ಉಳಿದ ತಿಂಗಳು ಬೀಗ. ಕೀಲಿ ಅಯ್ಯನವರ ಹತ್ತಿರ ಕೊಟ್ಟಿದ್ದೆ. ನಂಬಿ ಕೊಟ್ಟದ್ದಲ್ಲ, ಕೂಲಿ ಕೇಳದೆ ಇಟ್ಟುಕೊಳ್ಳುವವರು ಬೇರೆ ಯಾರೂ ಸಿಗಲಿಲ್ಲ.

ಬಾಡಿಗೆಗೆ ಕರ ಬೀಳುತ್ತಿತ್ತು. ಅದಕ್ಕೇ ಅಯ್ಯನವರಿಗೆ ಹೇಳಿಟ್ಟಿದ್ದೆ: “ಯಾರರೆ ಕೇಳಿದ್ರ, ಇವ್ರು ಅಂವನ ಹೆಂಡ್ತಿ ಕಡಿಯವ್ರು ಅನ್ರಿ.”

“ಬಾಡಿಗಿಗೆ ಬರೋ ಆ ಗುಜರಾತಿ ಸೇಠ ನಿನ್ನ ಹೆಂಡ್ತಿ ಅಣ್ಣ ಏನೋ ತಮ್ಮಾ?” ಎಂದು ನಕ್ಕಿದ್ದರು.

ಒಂದು ವರ್ಷ ಊರಿಗೆ ಬಂದಾಗ ತಲೆಬಾಗಿಲ ಹಿಂದೆ, ಒಳಗೋಡೆಯ ಮೇಲೆ ಸಾಲುಸಾಲು ವಿಭೂತಿ ಗೆರೆ ಕಂಡವು, ಮೂರು ಮೂರರಂತೆ. ನನ್ನ ಬಾಡಿಗೆಯವರನ್ನು ಎಣಿಸಿ ಕಚೇರಿಗೆ ಸುದ್ದಿ ಕೊಡುತ್ತಿದ್ದಾರೆ ಎಂದುಕೊಂಡೆ. ಆ ವಾರವೇ ಕರದ ಲೆಕ್ಕ ನೋಡುವ ತಹಶೀಲಿನ ಪೇಶಕಾರ ಬಂದ. ಸಂಶಯ ಖಾತ್ರಿಯಾಯಿತು. ಕಟ್ಟೆಯ ಮೇಲೆ ಕೂತಿದ್ದ ಅಯ್ಯನವರನ್ನೇ ಅವನು ಕೇಳಿದ:

“ಈ ಮನಿ ಬಾಡಿಗಿಗೆ ಕೊಡ್ತಾನೇನ್ರಿ?”

ನಾನು ಬಾಯಿ ತೆರೆಯುವ ಮೊದಲೇ ಅಯ್ಯನವರು, “ಹೌದ್ರಿ, ಕೊಡ್ತಾನ” ಅಂದುಬಿಟ್ಟರು.

“ಮಾಲೀಕ ಪರಮುಲುಕಿನ್ಯಾಗ, ಮನಿ ಬಾಡಿಗಿಗೆ. ಹಂಗಾದ್ರ ವರ್ಷಪೂರ್ತಿ ಕರ. ಕೊಡದಿದ್ರ ಮನಿ ಲಿಲಾವು, ಕೂಗಿ ಮಾರ್ತೀವಿ.”

ಅಷ್ಟು ಕೊಡುವ ತಾಕತ್ತು ನನಗಿರಲಿಲ್ಲ. ಕಲ್ಲು ಹೊತ್ತು ಕಟ್ಟಿದ ಮನೆ ಹೋಯಿತು ಎಂದು ಗೋಡೆಗೆ ಒರಗಿದೆ. ಅಯ್ಯನವರು ಪೇಶಕಾರನನ್ನು ಬಾಗಿಲ ಹಿಂದೆ ಕರೆದರು.

“ಸೋಮವಾರ ನಾ ಯಾವ ಮನೀನೂ ಬಿಟ್ಟು ಹೋಗಂಗಿಲ್ರಿ. ಬೀಗ ಇದ್ರ ತಗದು ಒಳಗ ಬಂದು ವಿಭೂತಿ ಎಳದು ಹೋಗ್ತೀನಿ. ಬಾಡಿಗಿ ಮಂದಿ ಇದ್ದಾಗ ಎಳದಿಲ್ಲ. ಎಣಸ್ರಿ, ಎಷ್ಟು ವಾರ ಮನಿ ಖಾಲಿ ಇತ್ತು ತಿಳೀತದ.”

“ಅಂವಾ ಹೇಳಿ ಎಳಸಿದ್ದಲ್ಲಂತ ಹೆಂಗ ನಂಬಲಿ?”

“ಅಂವಾ ಹೇಳಿದ್ದು ಬ್ಯಾರೆ ಇತ್ರಿ. ಬಾಡಿಗಿ ಮಂದೀನ ಹೆಂಡ್ತಿ ಕಡಿಯವ್ರು ಅನ್ರಿ ಅಂದಿದ್ದ.”

ಪೇಶಕಾರ ನನ್ನ ಮುಖ ನೋಡಿದ, ನಕ್ಕ, ಗೆರೆ ಎಣಿಸಿದ. ಕರ ಸುಗ್ಗಿಯ ತಿಂಗಳಿಗಷ್ಟೇ ಬಿತ್ತು.

ಆಮೇಲೂ ನನಗೆ ತಡೆಯಲಾಗಲಿಲ್ಲ. “ಇದ್ರಾಗ ನಿಮಗೇನ್ ಫಾಯದಾ ಅಯ್ನೋರ?” ಎಂದು ಕೇಳಿದೆ.

“ನಿನ್ನ ಮನಿ ಲಿಲಾವಾದ್ರ ನನಗ ಒಂದ್ಮನಿ ಭಿಕ್ಷಾ ಕಮ್ಮಿ ಆಗ್ತದಲ್ಲೋ ತಮ್ಮಾ.”

ಲೆಕ್ಕ ಸರಿಹೋಯಿತು ಎಂದು ಸಮಾಧಾನಪಟ್ಟೆ. ಅವರು ಲಿಂಗೈಕ್ಯರಾದ ದಿನ, ಸಮಾಧಿಗೆ ಮಣ್ಣು ಹಾಕಿ ಬರುವ ದಾರಿಯಲ್ಲಿ ಹೊಳೆಯಿತು: ಬೀಗ ಬಿದ್ದ ಮನೆಯಲ್ಲಿ ಭಿಕ್ಷ ಹಾಕುವವರು ಯಾರು? ಆ ಸೋಮವಾರಗಳಲ್ಲೆಲ್ಲ ಅವರು ನಮ್ಮ ಮೆಟ್ಟಿಲು ಹತ್ತಿ ಖಾಲಿ ಜೋಳಿಗೆಯೊಂದಿಗೇ ಇಳಿದಿದ್ದರು. ಫಾಯದೆಯ ಮಾತು ನನ್ನಂಥವನ ಸಮಾಧಾನಕ್ಕೆ ಹೇಳಿದ್ದು.

ದೂರ ದುಡಿಯಲು ಹೋಗುವವರು ಕೇಳಿ: ಬಾಡಿಗೆ ಬಂದಷ್ಟಕ್ಕೆ ಕರ ಕಟ್ಟಿಬಿಡಿ. ಕೀಲಿಯನ್ನು ನಿಮಗಾಗಿಯೂ ಸುಳ್ಳು ಹೇಳದವರ ಕೈಗೆ ಕೊಡಿ. ಅವರ ಮೇಲೆ ಸಂಶಯ ಬರುತ್ತದೆ, ಬರಲಿ. ಕೀಲಿ ಮಾತ್ರ ವಾಪಸ್ ಕೇಳಬೇಡಿ.